ವಾರಗಿತ್ತಿಯ ಹುದ್ದೆ

ಆ ಬೆಳಿಗ್ಗೆ ಹಿರಿಸೊಸೆ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಎದುರಿಗೇ ವಾರಗಿತ್ತಿಯ ರೆಸ್ಯೂಮೆ ಬಿದ್ದಿತ್ತು. ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ: 'ಸ್ಟೋರ್ ಮ್ಯಾನೇಜರ್.'

ಇಬ್ಬರೂ ಒಂದೇ ಕನ್ನಡಕದಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದರು. ಕಿರಿಯಳನ್ನು ಅಲ್ಲಿಗೆ ಸೇರಿಸಿದವಳೇ ಹಿರಿಯಳು. ಫ್ರೇಮು ಒರೆಸುವುದರಿಂದ ಹಿಡಿದು ಕಿವಿಗೆ ಒತ್ತದ ಹಾಗೆ ಕಡ್ಡಿ ಬಗ್ಗಿಸುವವರೆಗೆ ಎಲ್ಲ ಕಲಿಸಿದ್ದಳು. ಆದರೆ ಅಂಗಡಿಯ ಯಜಮಾನರು ಕಾಯಿಲೆ ಬಿದ್ದಾಗ ಬೀಗದಕೈ ಹೋಗಿದ್ದು ಕಿರಿಯಳ ಕೈಗೆ. ಅಂದಿನಿಂದ ಇವಳ ಹೊಟ್ಟೆಯೊಳಗೆ ಒಂದು ಕೆಂಡ ಆರಿರಲೇ ಇಲ್ಲ.

'ನಿನ್ನೆ ಮೊನ್ನೆ ಬಂದವಳು ಮ್ಯಾನೇಜರಂತೆ! ಹಾಗಾದ್ರೆ ನಾನೇನು ಕಸ ಗುಡಿಸೋಕೆ ಇದ್ನಾ?'

ಮೂರ್ನಾಲ್ಕು ದಿನ ಕಳೆದ ಮೇಲೆ ಅಂಗಡಿಯ ಫೋನು ರಿಂಗಾಯಿತು. ಯಜಮಾನರು ಹೊರಗೆ ಹೋಗಿದ್ದರು, ಕಿರಿಯಳಿಗೆ ರಜೆ. ಇವಳೇ ಎತ್ತಿದಳು. ಕಿರಿಯಳು ಅರ್ಜಿ ಹಾಕಿದ್ದ ದೊಡ್ಡ ಅಂಗಡಿಯವರು.

"ನಿಮ್ಮಲ್ಲಿ ಅವರ ಹುದ್ದೆ ಏನು ಮೇಡಂ?"

ಇಂಥ ಗಳಿಗೆ ತಾನಾಗಿ ಬಾಗಿಲಿಗೆ ಬರುತ್ತದೆಯೇ! ಅವಳ ದನಿಗೆ ಸಕ್ಕರೆ ಸವರಿದಂತಾಯಿತು.

"ಮ್ಯಾನೇಜರ್ ಅಂತೂ ಅಲ್ಲ ಸಾರ್. ಸೇಲ್ಸ್ ಅಸಿಸ್ಟೆಂಟ್. ಯಜಮಾನರಿಗೆ ಹುಷಾರಿಲ್ದಾಗ ನಾಲ್ಕು ದಿನ ಅಂಗಡಿ ನೋಡ್ಕೊಂಡಿದ್ಲು, ಅಷ್ಟೇ."

"ಥ್ಯಾಂಕ್ಸ್ ಮೇಡಂ," ಎಂದು ಆತ ಫೋನಿಟ್ಟ.

ಸಂಜೆ ಅವಳು ಮನೆಗೆ ಬಂದದ್ದೇ ವಾರಗಿತ್ತಿಯ ಜೋಲುಮೋರೆ ನೋಡಲು. ಕಿರಿಯಳು ಓಡಿಬಂದು ಕೈಹಿಡಿದುಕೊಂಡಳು.

"ಅಕ್ಕಾ, ಕೆಲಸ ಸಿಕ್ತು! ನೀವು ಹೇಳಿದ್ದಕ್ಕೇ ಸಿಕ್ಕಿದ್ದು."

"ನಾನಾ?"

"ನಮ್ಮನೆಯವ್ರು ನನ್ನ ಕೇಳ್ದೆ ಮ್ಯಾನೇಜರ್ ಅಂತ ಟೈಪ್ ಮಾಡ್ಸಿದ್ರು. ನಂಗೆ ಸಿಕ್ಕಿಬೀಳೋ ಭಯ. ಇಂಟರ್‌ವ್ಯೂನಲ್ಲಿ ನಾನೇ ಹೇಳ್ಬಿಟ್ಟೆ, ಹುದ್ದೆ ಸೇಲ್ಸ್ ಅಸಿಸ್ಟೆಂಟು, ಯಜಮಾನರು ಮಲಗಿದಾಗ ಅಂಗಡಿ ನಡೆಸಿದ್ದೀನಿ ಅಂತ. ನಿಜಾನೋ ಸುಳ್ಳೋ ನೋಡೋಕೆ ಫೋನ್ ಮಾಡಿದ್ರಂತೆ. ನೀವೂ ಅದನ್ನೇ ಹೇಳಿದ್ರಂತೆ, ಒಂದಕ್ಷರ ಆಚೀಚೆ ಇಲ್ಲ."

ಹಿರಿಯಳು ಕೆಡಿಸಲು ಆಡಿದ ಮಾತು ಕಿರಿಯಳ ಕೈಹಿಡಿದು ಮೇಲೆತ್ತಿತ್ತು.

"ಸಂಬಳ ಎಷ್ಟಂತೆ?" ಎಂದಳು. ಕೇಳಿ ಇನ್ನಷ್ಟು ಉರಿದಳು.

ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಗೊಣಗಿದಳು:

"ನಂದೂ ಒಂದು ರೆಸ್ಯೂಮೆ ಬರೆದುಕೊಡೇ. ಏನೇನು ಮಾಡ್ತೀನೋ ಅದನ್ನೇ ಬರಿ. ನಿನಗೆ ಕೆಲಸ ಕಲಿಸಿದ್ದು ಮಾತ್ರ ಮೊದಲನೇ ಸಾಲಿಗೆ ಬರ್ಬೇಕು."