ಅವಳಿ ಅತ್ತೆಯರು ಮತ್ತು ಬಾಯಿ ಮುಚ್ಚಿದ ಜೀನು

ಗಂಗತ್ತೆ ಊಟ ಬಿಟ್ಟಿದ್ದಾಳೆ ಎಂದು ಕಂಪ್ಲಿಯಿಂದ ಅವಳ ಸೊಸೆ ಫೋನ್ ಮಾಡಿದಾಗ ಹೌಹಾರಿದೆ. ಕಾಯಿಲೆ ಇದ್ದದ್ದು ಅವಳಿಗಲ್ಲ, ಗೌರತ್ತೆಗೆ!

ಇಬ್ಬರೂ ನನ್ನ ಸೋದರತ್ತೆಯರು, ಅವಳಿಗಳು. (ಹಳೆಯ ಫೋಟೊಗಳಲ್ಲಿ ಯಾರು ಯಾರೆಂದು ನನಗೆ ಈಗಲೂ ಗೊತ್ತಾಗುವುದಿಲ್ಲ.) ಯಶವಂತನಗರದ ಗೌರತ್ತೆಗೆ ಹೊಟ್ಟೆ ಕ್ಯಾನ್ಸರ್ ಆಗಿ, ಆಪರೇಷನ್ ಮಾಡಿ ಜಠರದ ದೊಡ್ಡ ಭಾಗವನ್ನೇ ತೆಗೆದಿದ್ದರು. ಹೊಸಪೇಟೆಯ ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಳು.

ನೋಡಲು ಬಂದ ಬಂಧುಗಳು ಸುಮ್ಮನಿರುತ್ತಾರೆಯೇ? "ಅವಳಿ ಅಂದಮ್ಯಾಲೆ ಒಂದ ರಕ್ತ. ನೀನೂ ಹುಷಾರಿರವಾ" ಎಂದು, ಆಗ ಅಕ್ಕನ ಪಕ್ಕ ಕೂತಿದ್ದ ಗಂಗತ್ತೆಗೂ ಒಂದಿಷ್ಟು ಭಯ ಹಂಚಿ ಹೋಗಿದ್ದರು.

ಹೆದರಿ ಊಟ ಬಿಟ್ಟಿದ್ದಾಳೆ ಅಂದುಕೊಂಡು, ಗಂಗತ್ತೆಯನ್ನು ಹೊಸಪೇಟೆಗೆ ಕರೆಸಿ ಗೌರತ್ತೆಯ ಡಾಕ್ಟರ ಬಳಿಗೇ ಕರೆದೊಯ್ದೆ.

"ಜೀನ್ ಇಬ್ಬರದೂ ಒಂದ ಇರಬಹುದ್ರಿ ಅಮ್ಮಾ" ಎಂದರು ಡಾಕ್ಟರು. "ಆದ್ರ ಇಂಥ ಕ್ಯಾನ್ಸರ್‌ನ್ಯಾಗ, ಗಡ್ಡೆ ತಡಿಯೋ ಕೆಲವು ಜೀನ್ ಬಾಯಿ ಮುಚ್ಕೊಂಡಿರ್ತಾವ. ಜೀನ್ ಹರಿದಿರಂಗಿಲ್ಲ. ಅದರ ಮ್ಯಾಲೆ ಸಣ್ಣ ರಾಸಾಯನಿಕ ಅಂಟಿಕೊಂಡು ಕೆಲಸ ನಿಲ್ಲಿಸಿರ್ತೈತಿ. ಹೊಟ್ಟ್ಯಾಗಿನ ಹಳೇ ಸೋಂಕು, ವಯಸ್ಸು, ಹಿಂಗ ಬ್ಯಾರೆ ಬ್ಯಾರೆ ಕಾರಣ. ಹುಟ್ಟಿದಾಗಲೇ ಬಂದದ್ದಲ್ಲ. ಅವರಿಗಾದದ್ದು ನಿಮಗೂ ಆಗಲೇಬೇಕಂತಿಲ್ಲ."

"ಮತ್ತ ಅದನ್ನ ಎಬ್ಬಸಾಕ ಬರಂಗಿಲ್ಲೇನ್ರಿ?" ಗಂಗತ್ತೆ ಕೇಳಿದಳು.

"ಔಷಧ ಹುಡುಕಾಕತ್ತಾರ. ಈ ಕ್ಯಾನ್ಸರಿಗೆ ಇನ್ನೂ ಪ್ರಯೋಗದಾಗ ಐತ್ರಿ."

ಇರಲಿ ಎಂದು ಎಂಡೋಸ್ಕೋಪಿ ಮಾಡಿದರು. ಸೋಂಕಿತ್ತು, ಮಾತ್ರೆ ಕೊಟ್ಟರು. ಕ್ಯಾನ್ಸರ್ ಇರಲಿಲ್ಲ. ನನಗೆ ಎದೆಯ ಭಾರ ಇಳಿಯಿತು. ಗಂಗತ್ತೆಯೋ, ಹೊರಗಿನ ಬೆಂಚಿನ ಮೇಲೆ ಕೂತು ಅಳತೊಡಗಿದಳು.

"ಹಂಗಾದ್ರ ಆಕಿ ಒಬ್ಬಾಕಿಗೇ ಯಾಕ ಬಂತೋ ತಮ್ಮಾ? ಆಕಿ ಎರಡು ತುತ್ತಿಗೇ ಸಾಕಂತಾಳ. ನಂಗ ಹೆಂಗ ಗಂಟಲಾಗ ಇಳೀಬೇಕು?"

ಅದು ಅಂಜಿಕೆಯಾಗಿರಲೇ ಇಲ್ಲ. ನಾನೂ ಬಂಧುಗಳ ಹಾಗೇ ಯೋಚಿಸಿದ್ದೆ!

ಮನೆಗೆ ಬಂದು ಗೌರತ್ತೆಗೆ ಎಲ್ಲ ಹೇಳಿದೆ. ಅವಳು ಗೋಡೆ ಹಿಡಿದು ಮೆಲ್ಲಗೆ ಅಡುಗೆಮನೆಗೆ ಹೋದಳು. ಒಂದು ತಟ್ಟೆಗೆ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ತಂದು ತಂಗಿಯ ಮುಂದಿಟ್ಟಳು.

"ಉಣ್ಣಲೇ ಗಂಗಿ. ನಿನ್ನ ಮಾರಿ ನೋಡೇ, ನಾನೂ ಮತ್ತ ಹಿಂಗ ಆಗ್ತೀನಿ ಅಂತ ಧೈರ್ಯ ತಗೊಂಡೀನಿ. ನೀನೂ ಸೊರಗಿದ್ರ ನಾ ಯಾರನ್ನ ನೋಡ್ಲಿ?"

ಗಂಗತ್ತೆ ಅಳುತ್ತಲೇ ಉಂಡಳು. ಗೌರತ್ತೆ ಪಕ್ಕದಲ್ಲಿ ಕೂತು ಗಂಜಿ ಗುಟುಕರಿಸಿದಳು.

ಕಾಯಿಲೆಯವರನ್ನು ನೋಡಲು ನಾವೆಲ್ಲ ಹೋಗುತ್ತೇವೆ, ಹಣ್ಣು ಕೊಟ್ಟು, ಸಲಹೆ ಕೊಟ್ಟು ಬರುತ್ತೇವೆ, ಅವರ ಪಕ್ಕದಲ್ಲಿ ಕೂತವರನ್ನು "ನೀವು ಉಂಡ್ರೇನ್ರಿ?" ಎಂದು ಎಷ್ಟು ಮಂದಿ ಕೇಳಿದ್ದೇವೆ?