ಬೆರಳವ್ವನ ಚರಿತ್ರೆ

ದೇವರುಗಳನ್ನು ವಿವರಿಸಿ ಮುಗಿಸುವುದೇ ಮೂವತ್ತು ವರ್ಷ ನನ್ನ ಉದ್ಯೋಗವಾಗಿತ್ತು ಎಂದರೆ ನನ್ನನ್ನು ದೊಡ್ಡ ನಾಸ್ತಿಕನೆಂದುಕೊಳ್ಳಬೇಡಿ. ಧಾರವಾಡದ ಕಾಲೇಜೊಂದರಲ್ಲಿ ನಾನು ಇತಿಹಾಸದ ಮಾಸ್ತರನಾಗಿದ್ದೆ, ಅಷ್ಟೇ. ಪ್ರಾಚೀನ ನಾಗರಿಕತೆಗಳ ಪಾಠ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. ಈಜಿಪ್ಟಿನವರ ದೇವರು ಸತ್ತವನ ಹೃದಯವನ್ನು ಒಂದು ಗರಿಯ ಎದುರಿಗೆ ತಕ್ಕಡಿಯಲ್ಲಿಟ್ಟು ತೂಗುವ ಕಥೆ ಹೇಳುತ್ತಿದ್ದೆ. ಸುಮೇರಿನಲ್ಲಿ ಊರಿನ ಒಡೆಯ ದೇವರೇ, ರಾಜ ಬರೀ ಅವನ ಕಾರಭಾರಿ ಎನ್ನುತ್ತಿದ್ದೆ. ಕೊನೆಗೆ, "ಆಗ ಪೊಲೀಸ್ ಠಾಣೆ ಇರಲಿಲ್ಲ, ಅದಕ್ಕೇ ದೇವರಿಗೆ ಅಷ್ಟು ಕೆಲಸ" ಎಂದು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ. ವಿದ್ಯಾರ್ಥಿಗಳು ನಗುತ್ತಿದ್ದರು. ವಿಷಯ ಇತ್ಯರ್ಥವಾಯಿತೆಂದು ನಾನು ಚಹಾ ಕುಡಿಯಲು ಹೋಗುತ್ತಿದ್ದೆ.

ನಿವೃತ್ತನಾಗಿ ಸಪ್ತಾಪುರದ ಮನೆಯಲ್ಲಿ ಪೇಪರ್ ಓದುತ್ತ ಕುಳಿತಿದ್ದವನಿಗೆ ಕಳೆದ ವರ್ಷ ಹಳೆಯ ವಿದ್ಯಾರ್ಥಿ ಬಸವರಾಜನ ಫೋನು ಬಂತು. ಹುಬ್ಬಳ್ಳಿಯ ತಾರಿಹಾಳದಲ್ಲಿ ಅವನದೊಂದು ಸಣ್ಣ ಕಾರ್ಖಾನೆ. ಅಲ್ಲಿ ಪ್ರೆಸ್ ಯಂತ್ರದಲ್ಲಿ ತಗಡು ಒತ್ತಿ ಟ್ರ್ಯಾಕ್ಟರಿನ ಬಿಡಿಭಾಗ ತಯಾರಿಸುತ್ತಾರೆ.

"ಸರ್, ಒಮ್ಮೆ ಬಂದು ಹೋಗ್ರಿ. ಹೊಸ ಮಷಿನ್ ಕೂಡ್ರಸಾಕ ಪಾಯಾ ತೋಡುವಾಗ ಒಂದು ಕಲ್ಲು ಸಿಕ್ಕೈತಿ. ಹೆಣ್ಣಮಕ್ಕಳು ಅದನ್ನ ದೇವಿ ಮಾಡಿ ಕುಂತಾರ. ಅದು ದೇವಿ ಅಲ್ಲ ಅಂತ ನೀವು ಹೇಳ್ರಿ. ನಿಮ್ಮ ಮಾತು ಕೇಳ್ತಾರ."

ಯಾರೋ ನನ್ನ ಮಾತು ಕೇಳುತ್ತಾರೆ ಎಂದರೆ ನಿವೃತ್ತ ಮಾಸ್ತರ ಮನೆಯಲ್ಲಿ ನಿಲ್ಲುವುದುಂಟೆ? ಭೂತಗನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ಭೂತಗನ್ನಡಿ ಬೇಕಾಗಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅರಿಶಿಣ ಕುಂಕುಮ ಬಳಿದುಕೊಂಡು ಕುಳಿತಿದ್ದದ್ದು ಅರ್ಧ ಒಡೆದ, ಬೋರಲು ಹಾಕಿದ ಒರಳು ಕಲ್ಲು. ಅದರ ಪೂಜೆ ನೋಡಿಕೊಳ್ಳುತ್ತಿದ್ದವಳು ಬೆಂಗೇರಿಯಿಂದ ಕೆಲಸಕ್ಕೆ ಬರುವ ಗೌರವ್ವ. ದೇವಿಯ ಹೆಸರು ಬೆರಳವ್ವ ಎಂದು ಆಕೆಯೇ ಹೇಳಿದಳು.

ಬಸವರಾಜ ಆಫೀಸಿಗೆ ಹೋದ ಮೇಲೆ ನಾನು ಮೆಲ್ಲಗೆ, "ಗೌರವ್ವ, ಇದು ಒರಳಕಲ್ಲು ಅಲ್ಲೇನವಾ?" ಎಂದೆ.

"ಹೌದ್ರಿ ಸರ್. ನಮ್ಮವ್ವನ ಮನ್ಯಾಗೂ ಇಂಥಾದ್ದ ಇತ್ತು."

ನನ್ನ ಮೂವತ್ತು ವರ್ಷದ ವಿದ್ವತ್ತು ಅಲ್ಲಿಗೆ ಮುಗಿಯಿತು. ಮುಂದಿನದನ್ನು ಆಕೆಯೇ ಹೇಳಿದಳು. ಹಿಂದಿನ ವರ್ಷ ರೇಣವ್ವ ಎಂಬವಳ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕು ತುಂಡಾಗಿ ಹೋಗಿದ್ದವು. ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಳಿಗೆಯನ್ನು ಯಂತ್ರದಿಂದ ಯಾವಾಗಲೋ ಬಿಚ್ಚಿಟ್ಟಿದ್ದರು.

"ಜಾಳಗಿ ಹಾಕಸ್ರಿ ಅಂತ ಐದು ಸಲ ಹೇಳಿದ್ವಿರಿ. ಮಾಲಕರಿಗೆ ಕೇಳಸಲಿಲ್ಲ. ಈ ಅವ್ವ ಬಂದ ಮ್ಯಾಲೆ, ಜಾಳಗಿ ಇಲ್ದ ಬರೇ ಮಷಿನ್ ನನ್ನ ಮುಂದ ಚಾಲೂ ಮಾಡಬ್ಯಾಡ್ರಿ ಅಂತ ನನ್ನ ಕನಸಿನ್ಯಾಗ ಹೇಳ್ಯಾಳ ಅಂದೆ. ಎಂಟು ದಿನದಾಗ ಜಾಳಗಿ ಬಂತು. ಮಾಲಕರ ಬಂದು ಕಾಯಿ ಒಡದ್ರು."

"ಖರೇನ ಕನಸು ಬಿದ್ದಿತ್ತೇನು?"

ಗೌರವ್ವ ಯಂತ್ರದ ಕಡೆ ನೋಡಿದಳು. "ರೇಣವ್ವನ ಕೈ ನೋಡಿದ ಮ್ಯಾಲೆ ನನಗ ನಿದ್ದಿನ ಇರಲಿಲ್ಲರಿ ಸರ್."

ಆಫೀಸಿನಲ್ಲಿ ಬಸವರಾಜ ಚಹಾ ತರಿಸಿಟ್ಟುಕೊಂಡು ಕಾಯುತ್ತಿದ್ದ. ಅದು ಒರಳು ಕಲ್ಲೇ ಎಂದು ನಾನು ಹೊರಗೆ ಹೋಗಿ ಎಲ್ಲರೆದುರು ಗಟ್ಟಿಯಾಗಿ ಹೇಳಿದರೆ ಸಾಕಿತ್ತು. ಅವನ ಕೆಲಸ ಆಗುತ್ತಿತ್ತು, ನನ್ನದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ನಿಜ ಹೇಳುವ ಬಾಯಿ ಆ ದಿನ ಯಾಕೋ ಚಹಾ ಕುಡಿಯುತ್ತಲೇ ಇತ್ತು. ಕೊನೆಗೆ ಕೇಳಿದೆ: "ಬಸವರಾಜ, ನಿನಗ ತಗೀಬೇಕಾಗಿದ್ದು ಕಲ್ಲೋ, ಜಾಳಗಿಯೋ?"

ಅವನು ಚಹಾ ಬಸಿಯ ಅಂಚನ್ನು ಬೆರಳಿನಿಂದ ಸವರುತ್ತ ಕುಳಿತ. "ಜಾಳಗಿ ಇದ್ರ ಕೆಲಸ ನಿಧಾನ ಆಕ್ಕೈತ್ರಿ ಸರ್."

"ರೇಣವ್ವ ಈಗ ಎಲ್ಲಿ ಅದಾಳ?"

"ಮನ್ಯಾಗ ಅದಾಳ್ರಿ." ಬಸಿಯನ್ನು ಪಕ್ಕಕ್ಕೆ ಸರಿಸಿ, "ನೋಡಾಕ ಹೋಗಬೇಕಂತೇನಿ, ಕಾಲ ಏಳವಲ್ಲವು" ಎಂದ.

ನಾನು ಉಪದೇಶ ಮಾಡಲಿಲ್ಲ. ಕಲ್ಲಿನ ಬಗ್ಗೆ ಅವನು ಮತ್ತೆ ಕೇಳಲಿಲ್ಲ. ಮುಂದಿನ ವಾರ ಅವನು ರೇಣವ್ವನ ಮನೆಗೆ ಹೋಗಿಬಂದನಂತೆ. ಈಗ ಆಕೆ ತಯಾರಾದ ಸಾಮಾನು ಪರೀಕ್ಷಿಸುವ ಮೇಜಿನ ಹತ್ತಿರ ಕೂರುತ್ತಾಳೆ. ಹೊಸ ಯಂತ್ರ ಬೇರೆ ಗೋಡೆಯ ಕಡೆ ನಿಂತಿತು, ಅದಕ್ಕೂ ಜಾಳಿಗೆ ಬಂತು. ಬೆರಳವ್ವ ಮೂಲೆಯಲ್ಲೇ ಉಳಿದಳು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ಅಲ್ಲಿಗೆ ಹೋದಾಗ ಬಸವರಾಜ ಯಾರೋ ಗಿರಾಕಿಗೆ ಹೇಳುತ್ತಿದ್ದ: "ಪಾಯಾ ತೋಡೂ ಮೊದಲ ಅವ್ವ ನನ್ನ ಕನಸಿನ್ಯಾಗ ಬಂದಿದ್ಲರಿ." ಮುಖದಲ್ಲಿ ಕಪಟದ ಲವಲೇಶವೂ ಇರಲಿಲ್ಲ, ಅವನು ನಂಬಿಬಿಟ್ಟಿದ್ದ. ಬ್ಯಾಬಿಲೋನಿನ ರಾಜನೊಬ್ಬ ತನ್ನ ಕಾನೂನುಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಮೇಲೆ ಸೂರ್ಯದೇವನ ಎದುರು ತಾನೇ ನಿಂತಿರುವ ಚಿತ್ರ ಮಾಡಿಸಿದ್ದಾನೆ. ಆ ಕಾನೂನಿಗಾಗಿ ಮೊದಲು ಹಟ ಹಿಡಿದವರು ಯಾರೋ, ಅವರ ಚಿತ್ರ ಅಲ್ಲಿಲ್ಲ. ಅವರು ಯಾರಿದ್ದಿರಬಹುದು ಎಂದು ನಾನು ಒಮ್ಮೆಯೂ ತರಗತಿಯಲ್ಲಿ ಕೇಳಿರಲಿಲ್ಲ.

ಬಸವರಾಜ ನನ್ನನ್ನು ಕಂಡು, "ಸರ್, ಅವ್ವನ ಚರಿತ್ರಾ ಬರದು ಕೊಡ್ರಿ, ಬೋರ್ಡ್ ಹಾಕಸ್ತೇನಿ" ಎಂದ. ಹಾಳೆ ಹಿಡಿದು ಕುಳಿತೆ. ಮೊದಲ ಸಾಲಿಗೇ ಪೆನ್ನು ನಿಂತಿತು. ಗೌರವ್ವನನ್ನು ಕರೆದು, "ಕನಸು ಯಾರದಂತ ಬರೀಲಿ?" ಎಂದು ಕೇಳಿದೆ.

ಆಕೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಕ್ಕಳು. "ಅವರದ ಬರೀರಿ ಸರ್, ಪಾಪ. ಜಾಳಗಿ ಇಲ್ದ ಮಷಿನ್ ಚಾಲೂ ಮಾಡಬಾರದು ಅನ್ನೂದನ್ನ ಮಾತ್ರ ದೊಡ್ಡ ಅಕ್ಷರದಾಗ ಬರೀರಿ."

ಹಾಗೆಯೇ ಬರೆದುಕೊಟ್ಟೆ. ಇತಿಹಾಸದ ಮಾಸ್ತರನಾಗಿ ಆಧಾರವಿಲ್ಲದೆ ನಾನು ಬರೆದ ಮೊದಲ ಸಾಲು ಆ ಕನಸಿನದು. ಕೆಳಗೆ ನನ್ನ ಹೆಸರು ಹಾಕಲೇ ಎಂದು ಬಸವರಾಜ ಕೇಳಿದ. ಬೇಡ ಎಂದೆ.