ನಮ್ಮನೆ ಕಾಫಿಯೂ ಟ್ರಯಾಜ್ ಎಂಬ ಪದವೂ

ನದಿಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರೆ. ಪದಮೂಲವನ್ನೂ ಅದಕ್ಕೆ ಸೇರಿಸಬೇಕಿತ್ತು ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಇಂಗ್ಲಿಷಿನ ಒಂದು ಪದ ಕಿವಿಗೆ ಬಿದ್ದರೆ ಅದು ಎಲ್ಲಿಯದು, ಯಾರ ಪೈಕಿ, ಅದರ ಕುಲಗೋತ್ರ ಯಾವುದು ಎಂದು ನಿಘಂಟು ತೆಗೆದು ನೋಡದೆ ನನಗೆ ಅನ್ನ ಇಳಿಯುವುದಿಲ್ಲ. ಹೆಣ್ಣು ನೋಡಲು ಹೋದಾಗ ಇದರ ಅರ್ಧ ವಿಚಾರಿಸಿದ್ದರೂ ನಿನಗೆ ಮದುವೆಯಾಗುತ್ತಿತ್ತು ಎಂದು ಅಕ್ಕ ಛೇಡಿಸುತ್ತಾಳೆ. ಛೇಡಿಸುತ್ತಿದ್ದಳು ಎಂದು ಬರೆಯಬೇಕೇನೋ. ಈಗ ಅಷ್ಟುದ್ದದ ಮಾತಿಗೆ ಅವಳಿಗೆ ಉಸಿರು ಸಾಲುವುದಿಲ್ಲ.

ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದವಳೇ ಮೂಡಿಗೆರೆ ಹತ್ತಿರದ ನಮ್ಮ ತುಂಡು ತೋಟವನ್ನೂ ಮದುವೆಯಿಲ್ಲದ ನನ್ನನ್ನೂ ಒಟ್ಟಿಗೆ ಸಾಕಲು ನಿಂತಳು. ತೋಟವೆಂದರೆ ಎಸ್ಟೇಟ್ ಅನ್ನಿಸಿಕೊಳ್ಳುವಷ್ಟು ದೊಡ್ಡದೇನಲ್ಲ, ಆದರೂ ಘಟ್ಟದ ಕೆಳಗಿನ ನೆಂಟರ ಎದುರು ನಾವು ಎಸ್ಟೇಟ್ ಅಂತಲೇ ಹೇಳುವುದು. ನಾನು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತನಾಗಿದ್ದೆ. ತೋಟಗಳಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ದರ್ಜೆ ಮಾಡುವ ಜಾಗ ಅದು. ಹಣ್ಣಿನೊಳಗೆ ಒಂಟಿಯಾಗಿ ದುಂಡಗೆ ಬೆಳೆದ ಬೀಜ ಪೀಬೆರಿ, ಅದಕ್ಕೆ ರಾಜಮರ್ಯಾದೆ. ಆಮೇಲೆ ಎ, ಬಿ, ಸಿ. ಒಡೆದದ್ದು, ಮುಕ್ಕಾದದ್ದು, ಯಾರಿಗೂ ಬೇಡವಾದದ್ದು ಕೊನೆಗೊಂದು ರಾಶಿಯಾಗಿ ಉಳಿಯುತ್ತಿತ್ತು. ಹಳಬರು ಅದನ್ನು ಟ್ರಯಾಜ್ ಎನ್ನುತ್ತಿದ್ದರು.

ಆ ಪದ ಕೇಳಿದ ದಿನವೇ ನಾನು ಅದನ್ನು 'ಮೂರು' ಎಂಬುದರ ಸಂತಾನವೆಂದು ತೀರ್ಮಾನಿಸಿ, ತ್ರಿಮೂರ್ತಿ, ತ್ರಿಫಲ, ತ್ರಿವಿಕ್ರಮರ ಜೊತೆಗೆಲ್ಲ ಅದಕ್ಕೆ ನೆಂಟಸ್ತಿಕೆ ಕಟ್ಟಿ, ಕ್ಯಾಂಟೀನಿನಲ್ಲಿ ಒಂದು ಭಾಷಣವನ್ನೇ ಬಿಗಿದಿದ್ದೆ. ನಿಘಂಟು ನೋಡಿದರೆ ಅದಕ್ಕೂ ಮೂರಕ್ಕೂ ಏನೇನೂ ಸಂಬಂಧವಿಲ್ಲ. ಅದು ಫ್ರೆಂಚರ ಕಡೆಯಿಂದ ಬಂದ ಪದ. ಆರಿಸುವುದು, ಬೇರೆ ಮಾಡುವುದು ಎಂದು ಅರ್ಥ. ಇಂಗ್ಲಿಷಿನಲ್ಲಿ ಅದು ಮೊದಲು ಕೆಲಸಕ್ಕೆ ಸೇರಿದ್ದು ಕುರಿಯ ಉಣ್ಣೆ ವಿಂಗಡಿಸುವವರ ಹತ್ತಿರ. ಆಮೇಲೆ ಕಾಫಿಯವರ ಹತ್ತಿರ ಬಂತು. ಬಂದಮೇಲೆ ಏನಾಯಿತೋ, ಆರಿಸುವ ಕೆಲಸದ ಹೆಸರು ಆರಿಸಿ ಪಕ್ಕಕ್ಕೆ ತಳ್ಳಿದ್ದಕ್ಕೇ ಅಂಟಿಕೊಂಡಿತು. ಅಲ್ಲಿಂದ ಮುಂದೆ ಯುದ್ಧಕ್ಕೂ ಹೋಯಿತು. ಗಾಯಗೊಂಡವರ ಸಾಲಿನಲ್ಲಿ ಯಾರಿಗೆ ಈಗಲೇ ಚಿಕಿತ್ಸೆ, ಯಾರು ಕಾಯಬಹುದು, ಯಾರಿಗೆ ಏನು ಮಾಡಿದರೂ ಫಲವಿಲ್ಲ ಎಂದು ವಿಂಗಡಿಸುವುದಕ್ಕೂ ಅದೇ ಹೆಸರಾಯಿತು. ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವಳು ಬಟಾಣಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡು, ಸಂಬಳ ಕೊಡುವುದು ಇದಕ್ಕೋ ಎಂದು ವಿಚಾರಿಸಿದಳು.

ಅವಳಿಗೆ ಪದ ಬೇಕಿರಲಿಲ್ಲ, ಆ ಕೆಲಸವನ್ನು ದಿನಾ ಮಾಡುತ್ತಿದ್ದವಳು ಅವಳೇ. ಕೊಯ್ದ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದರೆ ಗಟ್ಟಿಯದು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಮುಳುಗಿದ್ದು ಮಾರಾಟಕ್ಕೆ, ತೇಲಿದ್ದು ಮನೆ ಖರ್ಚಿಗೆ. ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಪದ್ಧತಿ. ಪೇಟೆಯಿಂದ ಬರುವ ಪ್ರವಾಸಿಗರು ಕಾಫಿ ಬೆಳೆಯುವವರು ಮೂರು ಹೊತ್ತೂ ಅಮೃತ ಕುಡಿಯುತ್ತಾರೆಂದು ತಿಳಿದಿರುತ್ತಾರೆ. ನಾವು ಕುಡಿಯುವುದು ತೇಲಿದ ಹಣ್ಣಿನ ಬೀಜವನ್ನು ಕರ್ರಗೆ ಹುರಿದು, ಬೆಲ್ಲ ಹಾಕಿ ಕುದಿಸಿದ ನೀರು. ಒಳ್ಳೆಯ ಪುಡಿಯದೊಂದು ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಇರುತ್ತದೆ, ಆದರೆ ಅದು ಬಂದವರಿಗೆ. ಬಂದವರನ್ನೂ ಅಕ್ಕ ಜರಡಿ ಹಿಡಿಯುತ್ತಿದ್ದಳು: ನೆಂಟರಿಗೆ ಪೀಬೆರಿ, ಅಕ್ಕಪಕ್ಕದವರಿಗೆ ಬೆರಕೆ, ನಮಗೆ ತೇಲಿದ್ದು. ನೆಂಟರು ಬಂದ ದಿನ ನಾನು ಆ ಡಬ್ಬಿಯ ಕಾಫಿಗೆ ಕೈಯೊಡ್ಡಿದರೆ, ನೀನು ಯಾವಾಗಿಂದ ನೆಂಟ ಆದದ್ದು ಎಂದು ಕೇಳುತ್ತಿದ್ದಳು.

ಹೋದ ತಿಂಗಳು ಅವಳಿಗೆ ಉಸಿರು ಕಟ್ಟಿಕೊಂಡಿತು. ಮೂಡಿಗೆರೆಯಲ್ಲಿ ನೋಡಿದವರು ತಡಮಾಡಬೇಡಿ ಎಂದು ಮಂಗಳೂರಿಗೆ ಕಳಿಸಿದರು. ಘಾಟಿ ಇಳಿದು ಅಲ್ಲಿನ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗ ಮುಟ್ಟಿದರೆ ಬಾಗಿಲ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದ ಬೋರ್ಡು: ಟ್ರಯಾಜ್. ನಂಬುತ್ತೀರೋ ಇಲ್ಲವೋ, ನನಗೆ ಒಂದು ಕ್ಷಣ ಸಂತೋಷವಾಯಿತು, ಗೊತ್ತಿಲ್ಲದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಸಿಕ್ಕ ಹಾಗೆ. ಮರುಕ್ಷಣ ಅದರ ಅರ್ಥ ನೆನಪಾಯಿತು. ಅದೇನು ಬರೆದಿದ್ದಾರೆ ಎಂದು ಸ್ಟ್ರೆಚರಿನ ಮೇಲಿಂದ ಅಕ್ಕ ಕೇಳಿದಳು. ಚೀಟಿ ಮಾಡಿಸುವ ಜಾಗ ಎಂದೆ. ಇಡೀ ಆಯುಷ್ಯದಲ್ಲಿ ಅವಳು ತಾನಾಗಿಯೇ ಒಂದು ಪದದ ಅರ್ಥ ಕೇಳಿದ್ದು ಅದೊಂದು ಸಲ.

ಅವಳ ಕೈಗೆ ಹಳದಿ ಪಟ್ಟಿ ಕಟ್ಟಿದರು. ಈಗಲೇ ನೋಡಬೇಕಾದವರಿಗೆ ಕಟ್ಟುವ ಕೆಂಪಲ್ಲವಲ್ಲ ಎಂದು ನಾನು ಹಿಗ್ಗಿದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ಇನ್ನೂ ಚಿಕ್ಕ ವಯಸ್ಸಿನವರು, ಹೇಳುವುದಕ್ಕೆ ಅವರಿಗೇ ಕಷ್ಟವಾಗುತ್ತಿತ್ತು. ಹೃದಯ ಸೋತಿದೆ, ಆಪರೇಷನ್ ತಡೆಯುವ ಶಕ್ತಿ ಮೈಯಲ್ಲಿ ಇಲ್ಲ ಎಂದರು.

"ಮನೆಗೆ ಕರ್ಕೊಂಡು ಹೋಗಿ ಸರ್. ಅವರಿಗೆ ಏನು ಇಷ್ಟವೋ ಅದನ್ನ ಕೊಡಿ."

ಘಾಟಿ ಹತ್ತುವ ಉದ್ದಕ್ಕೂ ಅದೊಂದೇ ಮಾತು ತಲೆಯಲ್ಲಿ. ಅಕ್ಕನಿಗೆ ಏನು ಇಷ್ಟ? ತಳ ಹಿಡಿದ ಅನ್ನ, ಕಾವಲಿಯ ಮೊದಲ ಹರಿದ ದೋಸೆ, ಹಣ್ಣಾಗಿ ಕಪ್ಪಾದ ಬಾಳೆಹಣ್ಣು, ಇವನ್ನು ಅವಳು ತಿನ್ನುವುದು ಕಂಡಿದ್ದೇನೆ. ಅವೆಲ್ಲ ಅವಳಿಗೆ ಇಷ್ಟವೋ, ಅಥವಾ ಬೇರೆಯದನ್ನೆಲ್ಲ ನಮಗೆ ಬಡಿಸಿದ ಮೇಲೆ ಉಳಿಯುತ್ತಿದ್ದದ್ದು ಅಷ್ಟೇಯೋ? ಕಂಡಕಂಡ ಪದಗಳ ಬೇರನ್ನೆಲ್ಲ ಬಗೆದವನಿಗೆ ಇದು ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಕೇಳದೆಯೇ ಗಾಡಿ ನಿಧಾನ ಮಾಡಿದ.

ಮನೆಗೆ ಬಂದು ನನಗೆ ಹೊಳೆದದ್ದು ಒಂದೇ. ಅವಳಿಗೆ ಒಂದು ಲೋಟ ಒಳ್ಳೆಯ ಕಾಫಿ ಕೊಡಬೇಕು. ಮಾರಲು ಇಟ್ಟಿದ್ದರಲ್ಲಿ ಒಂದಷ್ಟು ತೆಗೆದು ಸಿಪ್ಪೆ ಬಿಡಿಸಿ ತಂದೆ. ಅವಳ ಮಂಚದ ಹತ್ತಿರವೇ ಮೊರ ಇಟ್ಟುಕೊಂಡು ದುಂಡು ಬೀಜಗಳನ್ನು ಒಂದೊಂದಾಗಿ ಆರಿಸಿದೆ. ಅಕ್ಕ ದಿಂಬಿಗೆ ಒರಗಿ ನೋಡುತ್ತ, ಕಪ್ಪು ಬೀಜ ಕಂಡಲ್ಲೆಲ್ಲ ಬೆರಳು ತೋರಿಸುತ್ತಿದ್ದಳು. ಯಾರು ಬರುತ್ತಾರೆ ಎಂದು ಕೇಳಿದಳು. ಬರುತ್ತಾರೆ ಎಂದೆ. ಹುರಿದು, ಪುಡಿ ಮಾಡಿ, ಗಟ್ಟಿ ಹಾಲು ಹಾಕಿ, ನೆಂಟರ ಬೆಳ್ಳಿ ಲೋಟದಲ್ಲಿ ತಂದು ಅವಳ ಕೈಗಿಟ್ಟೆ. ಒಂದು ಗುಟುಕು ಕುಡಿದವಳು ಲೋಟ ಕೆಳಗಿಟ್ಟಳು.

"ಇದು ಯಾರ ಮನೆ ಕಾಫಿ?"

"ನಮ್ದೇ ಅಕ್ಕ. ನಿನಗೆ ಅಂತ ಮಾಡಿದ್ದು."

"ನನಗ್ಯಾಕೆ ಮಾರಾಯ ಇದೆಲ್ಲ? ನಮ್ಮ ಕಾಫಿ ತಗೊಂಡು ಬಾ."

ತೇಲಿದ್ದನ್ನೇ ಬೆಲ್ಲ ಹಾಕಿ ಕುದಿಸಿ ತಂದೆ. ಕಣ್ಣು ಮುಚ್ಚಿಕೊಂಡು ಅರ್ಧ ಲೋಟ ಕುಡಿದಳು. ಮುಖದಲ್ಲಿ ಸುಖವಿತ್ತು. ಅದು ರುಚಿಯ ಸುಖವೋ, ರೂಢಿಯ ಸುಖವೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಅವಳೇ ಹೇಳಿದಳು.

"ಆ ಪುಡಿ ಡಬ್ಬಿಗೆ ತುಂಬಿ ಮೇಲೆ ಇಡು. ತಿಥಿಗೆ ನೆಂಟ್ರು ಬರ್ತಾರಲ್ಲ, ಅವ್ರಿಗೆ ಬೇಕಾಗ್ತದೆ. ತೇಲಿದ್ದು ಕೊಟ್ಟು ನನ್ನ ಮರ್ಯಾದೆ ತೆಗೀಬೇಡ."

ಚೀಟಿ ಮಾಡಿಸುವ ಜಾಗ ಎಂದು ನಾನು ಹೇಳಿದ್ದನ್ನು ಅವಳು ನಂಬಿರಲಿಲ್ಲ ಎಂದು ಆಗ ಗೊತ್ತಾಯಿತು. ಎದ್ದು ಹೋಗಿ, ಹೇಳಿದ ಹಾಗೆಯೇ ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟೆ.

ಕಾಫಿಪುಡಿ ಬಹಳ ದಿನ ಬಾಳುವುದಿಲ್ಲ. ಹುರಿದು ಪುಡಿ ಮಾಡಿದ್ದನ್ನು ಕೂಡಿಟ್ಟು ಘಮ ಕಳೆಯುವವರನ್ನು ಕಂಡರೆ ಕೆಲಸದಲ್ಲಿದ್ದಾಗ ನಾವೆಲ್ಲ ಬೈಯುತ್ತಿದ್ದೆವು. ಈಗ ನಾನು ದೇವರಲ್ಲಿ ಕೇಳಿಕೊಳ್ಳುತ್ತಿರುವುದು ಅದೊಂದನ್ನೇ: ಈ ಡಬ್ಬಿ ಹಲಗೆಯ ಮೇಲೆಯೇ ಕೂತು ಹಳಸಲಿ, ಘಮವೆಲ್ಲ ಹೋಗಲಿ, ನೆಂಟರು ಬರುವಷ್ಟರಲ್ಲಿ ಅವರಿಗೆ ಕೊಡಲಾಗದಷ್ಟು ಕೆಡಲಿ. ಆಗ ಅದೂ ನಮ್ಮನೆ ಕಾಫಿಯಾಗುತ್ತದೆ, ಅಕ್ಕ ಬೇಡವೆನ್ನುವ ಹಾಗಿಲ್ಲ. ದಿನಾ ಬೆಳಿಗ್ಗೆ ಅವಳು ಏಳುವ ಮೊದಲು ಮುಚ್ಚಳ ತೆಗೆದು ಮೂಸುತ್ತೇನೆ. ಇವತ್ತೂ ಮೂಸಿದೆ. ಇನ್ನೂ ಘಮಘಮ ಎನ್ನುತ್ತಿದೆ.